ಕಾಗದದ ಹುಲಿಯ ಸಾವು

ಫೆಬ್ರವರಿ ೬, ಗುರುವಾರ

ಗಿರಣಿಯ ಧಣಿ ಇವತ್ತು ತೀರಿಕೊಂಡ. ಆಯುಷ್ಯವಿಡೀ ಅವನ ವಿರುದ್ಧ ಹೋರಾಡಿದ ಚಿಕ್ಕಪ್ಪ ಮಧ್ಯಾಹ್ನದಿಂದ ಊಟ ಮುಟ್ಟಿಲ್ಲ. ಅದೇ ಕೊರೆಯುತ್ತಿದೆ.

ನಾನು ಎರಡು ಜಡೆಯ ಹುಡುಗಿಯಾಗಿದ್ದಾಗ ಗಿರಣಿ ಕಾರ್ಮಿಕರ ಸಂಘದ ಭಾನುವಾರದ ಪಾಠ ನಮ್ಮ ನಡುಮನೆಯಲ್ಲೇ ನಡೆಯುತ್ತಿತ್ತು. ಕಾರ್ಮಿಕರ ತಲೆಗೂದಲಲ್ಲಿ ಹತ್ತಿಯ ಧೂಳು, ಚಿಕ್ಕಪ್ಪನ ಏರುದನಿ: "ಧಣಿ ಕಾಗದದ ಹುಲಿ ಕಣ್ರಯ್ಯಾ! ಆದ್ರೆ ಹತ್ರ ಹೋದಾಗ ನಿಜವಾದ ಹುಲಿ ಅಂತಲೇ ಹುಷಾರಾಗಿರಿ. ಎರಡೂ ಸತ್ಯ."

ಒಂದೇ ಪ್ರಾಣಿ ಎರಡೂ ಹೇಗಾದೀತೆಂದು ಬಾಗಿಲ ಸಂದಿಯಲ್ಲಿ ತಲೆ ಕೆಡಿಸಿಕೊಳ್ಳುತ್ತಿದ್ದೆ. ಆಮೇಲೆ ಓದಿದ ಯಾವ ಕವಿತೆಯೂ ನನ್ನನ್ನು ಅಷ್ಟು ಕಾಡಿಲ್ಲ.

ಸಂಜೆ ಚಿಕ್ಕಮ್ಮ ಕೆಣಕಿದಳು: "ಕಾಗದ ಹರಿದಿದ್ದಕ್ಕೆ ಉಪವಾಸವೇನ್ರೀ?"

"ಅವನು ಹುಲಿ ಆಗಿದ್ದಕ್ಕೇ ಕಣೇ ನಾವು ಕುರಿಗಳಾಗಿ ಉಳೀಲಿಲ್ಲ," ಎಂದ ಚಿಕ್ಕಪ್ಪ. ಆಮೇಲೆ ನನ್ನ ಕಡೆ ತಿರುಗಿ, "ಬೆಳಿಗ್ಗೆ ಅವನ ಮಣ್ಣಿಗೆ ನನ್ನ ಕರ್ಕೊಂಡು ಹೋಗ್ತೀಯೇನಮ್ಮಾ?"

ಸಂಘದವರು ಆಗಲೇ ಫೋನು ಮಾಡಿದ್ದರು. ಚಿಕ್ಕಪ್ಪ ಹೋದರೆ, ಕೊನೆಗೂ ಧಣಿಗೆ ಶರಣಾದ ಎಂದು ಊರೆಲ್ಲ ಆಡಿಕೊಳ್ಳುತ್ತದಂತೆ. ಅದನ್ನು ಹೇಳಿದೆ.

"ಆಡ್ಕೊಳ್ಳಲಿ ಬಿಡು. ನನ್ನ ಕೆಂಪು ಶಾಲಿಗೆ ಇಸ್ತ್ರಿ ಹಾಕಿಡು. ಅವನೆದುರು ಒಂದು ದಿನವೂ ಮುದುರಿಕೊಂಡು ನಿಂತೋನಲ್ಲ ನಾನು."

ಹಾಕಿಟ್ಟಿದ್ದೇನೆ. ಹಳೇ ಬಟ್ಟೆ, ಒಂದೆರಡು ಸುಕ್ಕು ಹೋಗಲೇ ಇಲ್ಲ. ಸಾಕು, ಕಣ್ಣು ಎಳೆಯುತ್ತಿದೆ.