ರವೀಶಣ್ಣನಿಗೆ ಒಬ್ಬಳೇ ತಂಗಿ

ಸಾಗರ
19 ನವೆಂಬರ್ 2024

ಅಮ್ಮನಿಗೆ,

ನಿನ್ನ ಮಗಳು ಯಶಸ್ವಿನಿಯ ನಮಸ್ಕಾರ. ಫೋನಿನಲ್ಲಿ ಈ ವಿಷಯ ಎತ್ತಿದರೆ ಒಲೆ ಮೇಲೆ ಹಾಲಿದೆ ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು.

ನನಗಾದದ್ದು ಕಿಡ್ನಿ ಕಲ್ಲಿನ ಆಪರೇಷನ್ ಅಂತ ಎಲ್ಲರಿಗೂ ಹೇಳಿದೆಯಲ್ಲ, ಅದರ ಫಲ ಕೇಳು. ಹೊಸನಗರದಿಂದ ಜಲಜ ಚಿಕ್ಕಮ್ಮ ವಾರವಾರ ಬಾಳೆದಿಂಡಿನ ರಸವನ್ನು ಬಾಟಲಿಯಲ್ಲಿ ತುಂಬಿ ಬಸ್ಸಿಗೆ ಹಾಕುತ್ತಾರೆ. ನಿನ್ನೆ ಕಂಡಕ್ಟರ್ ಶಂಭು ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೆದುರು, "ಎಂತ ಮಾರಾಯ್ತಿ, ಕಲ್ಲು ಬಿತ್ತಾ?" ಎಂದು ಕೂಗಿದ. ನನಗೆ ತಡೆಯಲಾಗಲಿಲ್ಲ. ಕಲ್ಲೂ ಇಲ್ಲ ಮಣ್ಣೂ ಇಲ್ಲ, ನಾನು ಹೆಣ್ಣಾಗುವ ಆಪರೇಷನ್ ಮಾಡಿಸಿಕೊಂಡವಳು ಎಂದೆ. ಅವನು ನನ್ನ ಕೈಯಲ್ಲಿದ್ದ ಬಾಟಲಿ ನೋಡಿ, "ಹಂಗಾದ್ರೆ ಆ ರಸ ನಂಗೆ ಕೊಡು ಮಾರಾಯ್ತಿ, ನಂಗೆ ನಿಜವಾಗ್ಲೂ ಕಲ್ಲಿದೆ" ಎಂದ. ನೀನು ಮಾತ್ರ ಇನ್ನೂ ನನ್ನನ್ನು "ಏನೋ" ಅನ್ನುತ್ತೀಯ.

ಕಳೆದ ವಾರ ಆಸ್ಪತ್ರೆಯ ನರ್ಸ್ ಫೋನ್ ಮಾಡಿದ್ದರು. ಆಪರೇಷನ್ ಆಗಿ ವರ್ಷವಾಯಿತು, ಐದಕ್ಕೆ ಎಷ್ಟು ಅಂಕ ಕೊಡುತ್ತೀರಿ ಎಂದು ಒಂದೊಂದನ್ನೇ ಕೇಳಿದರು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳ ಹತ್ತಿರ ಅಂಕ ಕೇಳುತ್ತಾರೆ! ಮೈಗೆ ಐದು ಕೊಟ್ಟೆ. ನಿದ್ದೆಗೂ ಐದು. ಗಾಯ ಮಾಯ್ದ ರೀತಿಗೆ ಎರಡೇ. ಎರಡು ತಿಂಗಳು ಸರಿಯಾಗಿ ಕೂರಲಿಕ್ಕಾಗಿರಲಿಲ್ಲ, ಸುಳ್ಳು ಯಾಕೆ? ಯಾಕಾದರೂ ಮಾಡಿಸಿಕೊಂಡೆನೋ ಅನ್ನಿಸಿದೆಯೇ ಎಂದರು. ಒಂದು ದಿನವೂ ಇಲ್ಲ ಎಂದೆ. ಈ ವರ್ಷ ಕೆಲಸಕ್ಕೆ ಮೂರು ಹೊಲಿಗೆ ಅಂಗಡಿ ಬದಲಿಸಿದ್ದು ನನ್ನ ಕಾಲು ಒಂದೇ ಕಡೆ ನಿಲ್ಲದೆ, ಆಪರೇಷನ್ನಿಂದಲ್ಲ ಎಂದೂ ಹೇಳಿದೆ. ಕೊನೆಗೆ, ಮನೆಯವರು ನಿಮ್ಮ ಜೊತೆಗಿದ್ದಾರೆಯೇ ಎಂದು ಕೇಳಿದರು.

ಅದೇ ಸಂಜೆ ರವೀಶಣ್ಣನ ಮೆಸೇಜ್ ಬಂತು. ಭಾನುವಾರ ಅವನ ಮಗುವಿಗೆ ನಾಮಕರಣ. ಸೋದರತ್ತೆಯಾಗಿ ತೊಟ್ಟಿಲ ಪಕ್ಕ ಕೂತು ಮಗುವಿನ ಕಿವಿಯಲ್ಲಿ ಹೆಸರು ಹೇಳಲು ಚಿಕ್ಕಮ್ಮನ ಮಗಳು ವಂದನಾ ಬರುತ್ತಾಳಂತೆ. ನೀನೇ ಕರೆದೆಯಂತೆ. ಒಡಹುಟ್ಟಿದ ತಂಗಿ ನಾನು ಇಲ್ಲಿ ಗುಂಡುಕಲ್ಲಿನ ಹಾಗಿರುವಾಗ ಸೋದರತ್ತೆಯನ್ನು ಹೊಸನಗರದಿಂದ ತರಿಸುತ್ತೀಯಲ್ಲ, ನಿನಗೆ ಏನು ಹೇಳಲಿ?

ಭಾನುವಾರ ಮೊದಲ ಬಸ್ಸಿಗೆ ತೀರ್ಥಹಳ್ಳಿಗೆ ಬರುತ್ತೇನೆ, ಸೀರೆ ಉಟ್ಟೇ ಬರುತ್ತೇನೆ. ಯಾರಾದರೂ ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ತೊಟ್ಟಿಲ ಹತ್ತಿರ ನನ್ನನ್ನು ಕರೆಯುವುದು, ಬಿಡುವುದು ನಿನಗೆ ಸೇರಿದ್ದು.

ಸಿಟ್ಟಿನಲ್ಲಿರುವ ನಿನ್ನ ಮಗಳು,
ಯಶಸ್ವಿನಿ

ಮತ್ತೊಂದು ಮಾತು: ನರ್ಸಿನ ಆ ಕೊನೆಯ ಪ್ರಶ್ನೆಗೂ ಐದು ಎಂದುಬಿಟ್ಟೆ. ಹೊರಗಿನವರೆದುರು ನಿನ್ನನ್ನು ಬಿಟ್ಟುಕೊಡಲು ಆಗಲಿಲ್ಲ.