ಹನ್ನೊಂದು ನಿಮಿಷ

ಮಹಡಿಯ ಕೋಣೆ,
ಮಾರ್ಚ್ ೧೪, ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯೋ? ಮೊಣಕಾಲು ನೋವು ಇಳಿಯಿತೇ? ಹೆಂಡತಿಯ ಮಾತು ಕೇಳು ಮಹಾರಾಯ, ಮೆಟ್ಟಿಲು ಹತ್ತಬೇಡ. ನನ್ನ ಬಿಪಿ ಸದ್ಯಕ್ಕೆ ಹೇಳಿದಂತೆ ಕೇಳಿಕೊಂಡು ಬಿದ್ದಿದೆ.

ಸುದ್ದಿ ಏನೆಂದರೆ, ನಿನ್ನ ಚದುರಂಗದ ಪ್ರೋಗ್ರಾಂ ಈಗ ನನ್ನ ಮನೆಯ ಕಂಪ್ಯೂಟರಿನಲ್ಲಿ ಓಡುತ್ತಿದೆ! ನಗಬೇಡ, ನಿವೃತ್ತ ಆಪರೇಟರಿಗೆ ಇನ್ನೇನು ಕೆಲಸ? ನಮ್ಮ ಆಫೀಸಿನ ಸೂಪರ್ ಕಂಪ್ಯೂಟರ್ ನೆನಪಿದೆಯಲ್ಲ, ಕೋಣೆ ತುಂಬ ಕಪಾಟುಗಳು, ಬೇಸಿಗೆಯಲ್ಲೂ ಸ್ವೆಟರ್ ಬೇಕಾಗುವ ಚಳಿ. ಮೊಣಕೈ ಹತ್ತಿರ ತೂತಾಗಿದ್ದ ನಿನ್ನ ಹಸಿರು ಸ್ವೆಟರ್ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಆ ಯಂತ್ರ ಇನ್ನೂರು ಪ್ರೊಸೆಸರುಗಳಿಗೆ ನಡೆಗಳನ್ನು ಹಂಚಿ ಎಲ್ಲವನ್ನೂ ಜಾಲಾಡುತ್ತಿತ್ತು. ನನ್ನ ಬಡಪಾಯಿಗೆ ಆ ಭಾಗ್ಯವಿಲ್ಲ. ಅಮ್ಮ ಬೀಗದ ಕೈ ಹುಡುಕುತ್ತಿದ್ದ ಹಾಗೆ, ಸಿಗಬಹುದಾದ ಕಡೆ ಮೊದಲು ನೋಡಬೇಕು, ಉಳಿದದ್ದನ್ನು ಬಿಡಬೇಕು. ಒಮ್ಮೆ ಲೆಕ್ಕ ಹಾಕಿದ ಸ್ಥಿತಿಯನ್ನು ನೆನಪಿಟ್ಟುಕೊಳ್ಳುವ ನಿನ್ನ ಉಪಾಯವನ್ನೂ ಕಲಿಸಿದೆ.

ಕಲಿಸಿದ ಮೇಲೆ ಸುಮ್ಮನಿರಲಾರದೆ ಆ ಪ್ರದರ್ಶನದ ದಿನದ ಆಟವನ್ನೇ ಅದಕ್ಕೆ ಕೊಟ್ಟೆ. ಎದುರಿಗೆ ಚಾಂಪಿಯನ್ ಮೇಷ್ಟ್ರು, ನಮಗೆ ಉಳಿದದ್ದು ಒಂದು ಆನೆ, ಮೂಲೆ ಸೇರಿದ ರಾಜ. 'ನಮ್ಮ ಟೈಮ್ ಮುಗೀತು ಕಣೋ, ಮಷೀನಿನ ಮುಂದಿನ ಸರದಿ ಹವಾಮಾನದವರದ್ದು, ಕಾಯ್ತಿದಾರೆ' ಎಂದೆ ನಾನು. ನೀನು ಮೇಷ್ಟ್ರ ಕೈಕುಲುಕಿ ಸೋಲೊಪ್ಪಿಕೊಂಡೆ. ಮಾರನೇ ವಾರ ಕೆಲಸ ಬಿಟ್ಟೆ. ಇಪ್ಪತ್ತಾರು ವರ್ಷದಿಂದ ನೀನು ಚದುರಂಗದ ಮಣೆ ಮುಟ್ಟಿಲ್ಲ.

ನನ್ನ ಕಂಪ್ಯೂಟರೂ ಮೊದಲು ಸೋಲೆಂದೇ ಹೇಳಿತು. ಆಮೇಲೆ ನೀನು ಬಿಟ್ಟುಹೋದ ಹಳೇ ನೋಟ್ ಪುಸ್ತಕ ತೆರೆದರೆ, ಅಂಚಿನಲ್ಲಿ ನಿನ್ನ ಕಾಗೆ ಕಾಲಿನ ಅಕ್ಷರ: 'ಕಾಯಿ ಬಿಟ್ಟುಕೊಟ್ಟು ಚೆಕ್ ಹೇಳುವ ನಡೆಯನ್ನು ಕೊನೆತನಕ ನೋಡಬೇಕು.' ಚಿಕ್ಕ ಯಂತ್ರಕ್ಕೆ ಭಾರವೆಂದು ಅದೊಂದನ್ನು ನಾನು ಕೈಬಿಟ್ಟಿದ್ದೆ, ಆತುರಗೇಡಿ! ಸೇರಿಸಿದೆ. ಅಷ್ಟು ಹೊತ್ತಿಗೆ ಕಾಫಿ ಆರಿತ್ತು, ಉತ್ತರವೂ ಬಂತು. ನಮ್ಮ ಆನೆಯನ್ನು ಮೇಷ್ಟ್ರ ರಾಜನ ಬಾಯಿಗೇ ಕೊಡುವುದು! ತಿಂದರೆ ನಮ್ಮ ರಾಜನಿಗೆ ಚೆಕ್ಕೂ ಇಲ್ಲ, ನಡೆಯೂ ಇಲ್ಲ, ಆಟ ಡ್ರಾ. ತಿನ್ನದಿದ್ದರೆ ಮತ್ತೆ ಚೆಕ್, ಮತ್ತೆ ಚೆಕ್, ಆಗಲೂ ಡ್ರಾ. ಒಬ್ಬಳೇ ಕೂತು ಚಪ್ಪಾಳೆ ತಟ್ಟಿದೆ. ಆಮೇಲೆ ಅಳು ಬಂತು.

ನಿನ್ನ ಹೆಂಡತಿಗೂ ಮಗಳಿಗೂ ನನ್ನ ನೆನಪು ಹೇಳು. ಎಲ್ಲರೂ ನೂರು ಕಾಲ ಚೆನ್ನಾಗಿರಿ.

ನಿನ್ನ,
ಅಕ್ಕ

ತಾ.ಕ.: ಅಂಚೆಗೆ ಹೊತ್ತಾಯಿತು, ಆದರೂ ಬರೆಯದೆ ಕಳಿಸಲಾರೆ. ಅವತ್ತು ಹವಾಮಾನದವರು ಬಂದೇ ಇರಲಿಲ್ಲ. ನಮಗಿನ್ನೂ ಹನ್ನೊಂದು ನಿಮಿಷ ಇತ್ತು, ನಿನ್ನ ಪ್ರೋಗ್ರಾಂ ಹುಡುಕುತ್ತಲೇ ಇತ್ತು. ಅಷ್ಟು ಜನರೆದುರು ನಿನ್ನ ಮುಖ ಬಾಡುವುದನ್ನು ನೋಡಲಾರದೆ ಸುಳ್ಳು ಹೇಳಿ ನಿಲ್ಲಿಸಿದವಳು ನಾನು. ಬೈಯುವುದಿದ್ದರೆ ಪತ್ರದಲ್ಲಿ ಬೇಡ, ಬಂದು ಬೈ. ಮಣೆ ಹಾಸಿಟ್ಟಿದ್ದೇನೆ.