ವಿಭೂತಿ ಹಚ್ಚಿದ ಎಂಜಿನ್

ಪ್ರೀತಿಯ ಸ್ವಾಮಿ,

ಫೋನ್ ಮಾಡಿ ಮಾಡಿ ಸಾಕಾಯಿತು. ಪ್ರತಿ ಸಲವೂ ಪದ್ಮಾವತಿಯೇ ಎತ್ತುತ್ತಾಳೆ. "ಈಗಷ್ಟೇ ಮಲಗವ್ರೆ ಕಣಣ್ಣ" ಅನ್ನುತ್ತಾಳೆ. ಬೆಳಿಗ್ಗೆ ಮಾಡಿದರೂ ಮಲಗಿರುತ್ತೀಯ, ಸಂಜೆ ಮಾಡಿದರೂ ಮಲಗಿರುತ್ತೀಯ. ನಿನ್ನ ಹೆಂಡತಿಗೆ ಸುಳ್ಳು ಹೇಳಲು ಬರುವುದಿಲ್ಲ ಮಾರಾಯ. ಅವಳ ಹಿಂದೆ ಕ್ರಿಕೆಟ್ ಕಾಮೆಂಟರಿಯೂ, ಔಟಾದವನನ್ನು ನೀನು ಬೈಯುವುದೂ ಕೇಳಿಸುತ್ತಿರುತ್ತದೆ. ಅಶೋಕಪುರಂಗೆ ನಾನೇ ಬಂದುಬಿಡಬಹುದಿತ್ತು. ಬಂದರೆ ನೀನು ಒಳಗಿನ ಕೋಣೆ ಸೇರಿಕೊಳ್ಳುತ್ತೀಯ, ನಾನು ಪದ್ಮಾವತಿಯ ಜೊತೆ ಬಿಸಿಲಿನ ಬಗ್ಗೆ ನಾಲ್ಕು ಮಾತಾಡಿ ಎದ್ದು ಬರುತ್ತೇನೆ. ಆ ನಾಟಕಕ್ಕೆ ನನ್ನಲ್ಲಿ ಶಕ್ತಿಯಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಇಡೀ ನೌಕರಿ ಬೇರೆಯವರ ಪತ್ರಗಳಿಗೆ ಮುದ್ರೆ ಒತ್ತಿ ಕಳೆದವನು, ನನ್ನದೇ ಒಂದು ಪತ್ರಕ್ಕೆ ಇಷ್ಟು ತಿಣುಕುತ್ತೇನೆ ಎಂದುಕೊಂಡಿರಲಿಲ್ಲ.

ದಣಿವಾಗಿದೆ ಕಣೋ. ಸೊಂಟ ನೋವು, ಮಂಡಿ ನೋವು ಬಿಡು, ಅವು ವಯಸ್ಸಿನ ಜೊತೆ ಬಂದವು. ಇದು ಬೆಳಿಗ್ಗೆ ಎದ್ದಾಗಲೂ ಇರುವ ದಣಿವು. ಉಗುರಿನ ಸಂದಿಯ ಕಪ್ಪು ಎಷ್ಟು ಸೋಪು ಹಾಕಿದರೂ ಹೋಗುತ್ತಿಲ್ಲ. ಪೆಟ್ರೋಲ್ ಬಂಕಿನ ಪಕ್ಕದಲ್ಲಿ ಮಲಗಿದ ಹಾಗಾಗುತ್ತದೆ ಎಂದು ಹೇಮಶ್ರೀ ತಲೆದಿಂಬು ಎತ್ತಿಕೊಂಡು ಮಗಳು ಲಾಸ್ಯಳ ಕೋಣೆಗೆ ಹೋಗಿದ್ದಾಳೆ.

ಇದನ್ನೆಲ್ಲ ಶುರು ಮಾಡಿದವನು ನೀನು. ನೆನಪಿದೆಯಾ? ಡಾಕ್ಟರು ನಿನ್ನ ಕಾಯಿಲೆಯ ಹೆಸರು ಹೇಳಿದ ದಿನ ಮನೆಗೆ ಹೋಗದೆ ನೇರ ಜಯಲಕ್ಷ್ಮಿಪುರಂನ ನಮ್ಮ ಮನೆಗೆ ಬಂದಿದ್ದೆ. ಪಾರ್ಕಿನ್ಸನ್ ಅಂತೆ ಎಂದು ಒಂದೇ ಮಾತಿನಲ್ಲಿ ಮುಗಿಸಿ, ಶೆಡ್ಡಿನಲ್ಲಿ ವರ್ಷಗಟ್ಟಲೆ ಮಲಗಿದ್ದ ನಮ್ಮಪ್ಪನ ಫಿಯೆಟ್ ಮೇಲಿನ ಟಾರ್ಪಾಲು ಎಳೆದೆ. ಸೀಟಿನಲ್ಲಿ ಇಲಿ ಸಂಸಾರ ಹೂಡಿತ್ತು. ನೀನು ಬಾನೆಟ್ ಎತ್ತಿ ಬಹಳ ಹೊತ್ತು ನೋಡಿದೆ. "ಕೈ ಪೂರ್ತಿ ಹೋಗೋದ್ರೊಳ್ಗೆ ಒಂದ್ ಎಂಜಿನ್ ಕಟ್ಬುಡ್ಬೇಕು ಕಣೋ ಜಯ. ರೈಲ್ವೇದಲ್ಲ, ನಮ್ದು" ಎಂದೆ. ರೈಲ್ವೆ ವರ್ಕ್‌ಶಾಪಿನಲ್ಲಿ ಇಡೀ ಸರ್ವಿಸ್ ಫಿಟ್ಟರ್ ಆಗಿದ್ದ ನಿನ್ನ ಕೈಯ ಬಗ್ಗೆ ನಿನ್ನ ಜೊತೆಯವರು ಆಡುತ್ತಿದ್ದ ಹೊಗಳಿಕೆಯ ಮಾತು ನನಗೆ ಗೊತ್ತು. ಬಲ್ಬು ಬದಲಾಯಿಸಲೂ ಏಣಿ ಹಿಡಿಯುವವರನ್ನು ಹುಡುಕುವ ನಾನು, ನಿನ್ನ ಮುಖ ನೋಡಿ ಹೂಂ ಅಂದುಬಿಟ್ಟೆ.

ಒಂದು ಸರಿಹೋಯಿತು ಅನ್ನುವಷ್ಟರಲ್ಲಿ ಇನ್ನೊಂದು ಕೈಕೊಡುತ್ತಿತ್ತು. ಎಂಜಿನ್ ಇಳಿಸುವಾಗ ಪೋರ್ಟಿಕೋದ ಗಾರೆ ಕಿತ್ತುಬಂತು. ತುಕ್ಕು ಹಿಡಿದ ಬೋಲ್ಟುಗಳು ಒಳಗೇ ಮುರಿದವು. ಮಂಡಿ ಮೊಹಲ್ಲಾದಲ್ಲಿ ಸಿಲಿಂಡರ್ ಕೊರೆಸಿಕೊಂಡು ಬಂದರೆ, ತರಿಸಿದ ಪಿಸ್ಟನ್ನುಗಳು ಬೇರೆ ಅಳತೆಯವು. ನಾನು ತಲೆ ಮೇಲೆ ಕೈಹೊತ್ತು ಕೂರುತ್ತಿದ್ದೆ, ನೀನು ನಗುತ್ತಿದ್ದೆ. ಮಾತ್ರೆ ನುಂಗಿದ ಮೇಲೆ ಸ್ವಲ್ಪ ಹೊತ್ತು ಕೈ ನಿನ್ನ ಮಾತು ಕೇಳುತ್ತಿತ್ತು. ಆ ಹೊತ್ತಿಗೆಂದೇ ನಾಜೂಕಿನ ಕೆಲಸ ಎತ್ತಿಡುತ್ತಿದ್ದೆ. ಉಳಿದ ಹೊತ್ತು ನಿನ್ನ ಬಾಯಿ, ನನ್ನ ಕೈ. ಆ ಮಧ್ಯಾಹ್ನಗಳಲ್ಲಿ ನೀನು ನನ್ನನ್ನು ಬೈದಷ್ಟು ನಮ್ಮಪ್ಪನೂ ಬೈದಿರಲಿಲ್ಲ.

ಆಮೇಲೆ ಆಯುಧಪೂಜೆ ಬಂತು. ಎಂಜಿನ್ ಅಪ್ಪನ ಊಟದ ಮೇಜಿನ ಮೇಲೆ ಹೊಟ್ಟೆ ತೆರೆದುಕೊಂಡು ಬಿದ್ದಿತ್ತು, ಒಳಗೆ ಕ್ರ್ಯಾಂಕ್‌ಶಾಫ್ಟ್ ಮಾತ್ರ ಕೂರಿಸಿದ್ದೆವು. ಅಮ್ಮ ಈಳಿಗೆಮಣೆಯಿಂದ ಹಿಡಿದು ಲಾಸ್ಯಳ ಲ್ಯಾಪ್‌ಟಾಪಿನವರೆಗೆ ಎಲ್ಲಕ್ಕೂ ವಿಭೂತಿ, ಕುಂಕುಮ ಇಟ್ಟುಕೊಂಡು ಪೋರ್ಟಿಕೋಗೆ ಬಂದಳು. ನೀನು ಸುಮ್ಮನಿರಬೇಕಲ್ಲ. "ಏನಮ್ಮ, ಎಂಜಿನ್‌ಗೂ ಲಿಂಗ ಕಟ್ಬುಡ್ತೀರಾ?" ಎಂದು ಕೆಣಕಿದೆ. "ಸುಮ್ನಿರಪ್ಪ ಸ್ವಾಮಿ, ನಾಳೆ ಕಾರ್ ಕೆಟ್ಟು ನಿಂತ್ರೆ ನಿಮ್ ಬುದ್ಧ ಬಂದು ತಳ್ತಾನಾ?" ಎಂದು ಅಮ್ಮನೂ ಬಿಡಲಿಲ್ಲ. ಮೂವರೂ ನಕ್ಕೆವು. ಅಮ್ಮ ನಮ್ಮೆದುರು ಎಂಜಿನ್ನಿನ ಹೊರಮೈಗೆ ಮೂರು ಪಟ್ಟೆ ಎಳೆದು, ಒಂದು ಹೂವಿಟ್ಟು ಒಳಗೆ ಹೋದಳು. ನಾವು ಕಂಡದ್ದು ಅಷ್ಟೇ.

ಪಿಸ್ಟನ್ನುಗಳನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡುಗಳನ್ನು ಕೂರಿಸಿದ ದಿನದ ಬಗ್ಗೆ ಬರೆಯಲೇಬೇಕು. ನಿಮ್ಮ ವರ್ಕ್‌ಶಾಪಿನ ಕ್ರಮವೊಂದನ್ನು ನೀನು ನಮ್ಮ ಮನೆಗೂ ತಂದಿದ್ದೆ: ನಟ್ಟು ಬಿಗಿ ಮಾಡಿದವನೇ ಅದನ್ನು ಪರೀಕ್ಷಿಸಬಾರದು. ಇನ್ನೊಬ್ಬ ಸ್ಪ್ಯಾನರ್ ಹಾಕಿ ನೋಡಿ, ಬಣ್ಣದ ಗುರುತು ಇಡಬೇಕು. ನಮ್ಮಲ್ಲಿ ಬಣ್ಣವೆಂದರೆ ಲಾಸ್ಯಳ ಕೆಂಪು ನೇಲ್ ಪಾಲಿಶ್. ಅವತ್ತು ನಟ್ಟುಗಳನ್ನೆಲ್ಲ ನೀನೇ ಬಿಗಿ ಮಾಡಿದೆ. ಕೊನೆಕೊನೆಗೆ ಮಾತ್ರೆಯ ಬಲ ಇಳಿಯುತ್ತಿತ್ತು, ಸ್ಪ್ಯಾನರ್ ಜಾರುತ್ತಿತ್ತು, ನಿನ್ನ ಅಂಗಿ ಬೆವರಿನಲ್ಲಿ ತೊಯ್ದಿತ್ತು. ಮುಗಿಸಿ, ನನ್ನ ಕಡೆ ನೋಡದೆ ಸ್ಪ್ಯಾನರ್ ಚಾಚಿದೆ. ನಿನ್ನ ಕೈ ಮಾಡಿದ್ದನ್ನು ನಿನ್ನ ಕಣ್ಣೆದುರೇ ತಿರುಗಿಸಿ ನೋಡುವುದು ನನ್ನಿಂದ ಆಗಲಿಲ್ಲ. ಸ್ಪ್ಯಾನರ್ ಕೆಳಗಿಟ್ಟು, ಎಲ್ಲ ನಟ್ಟುಗಳ ಮೇಲೂ ಕೆಂಪು ಚುಕ್ಕೆ ಇಟ್ಟೆ.

ಎಂಜಿನ್ನು ಮೊದಲ ಸಲ ಚಾಲೂ ಆದ ಸಂಜೆ ಹೊಗೆಯಲ್ಲಿ ಪಕ್ಕದ ಮನೆಯವರೂ ಕೆಮ್ಮಿದರು. ಅಮ್ಮ ಚಪ್ಪಾಳೆ ತಟ್ಟಿದಳು. ನೀನು ನನ್ನ ತೋಳು ಹಿಡಿದುಕೊಂಡಿದ್ದೆ. ಅಷ್ಟರಲ್ಲಿ ಒಳಗಿನಿಂದ ಟಕಟಕ ಶುರುವಾಯಿತು, ಜೋರಾಯಿತು, ಎಂಜಿನ್ ಗಕ್ಕನೆ ನಿಂತಿತು. ಮತ್ತೆ ತಿರುಗಿಸಲು ಹೋದರೆ ಅಲುಗಲಿಲ್ಲ. ನೀನು ಬಹಳ ಹೊತ್ತು ನಲ್ಲಿಯ ಕೆಳಗೆ ಕೈ ತೊಳೆದೆ. "ನನ್ ಕೈಯೇ ಅಲ್ವೇನೋ ಜಯ? ಹೇಳ್ಬುಡು" ಎಂದೆ. ಬಿಚ್ಚಿ ನೋಡದೆ ನನಗೆ ಹೇಗೆ ತಿಳಿಯಬೇಕು ಹೇಳು? ನಾನು ಸುಮ್ಮನಿದ್ದೆ. ನೀನು ಅದನ್ನೇ ಉತ್ತರ ಎಂದುಕೊಂಡು ಆಟೋ ಹತ್ತಿದೆ.

ನೀನು ಬರಬಹುದೆಂದು ಕಾದೆ. ಬರಲಿಲ್ಲ. ಕೊನೆಗೆ ಒಬ್ಬನೇ ಬಿಚ್ಚಿದೆ. ಮೂರನೆಯ ರಾಡಿನ ಬೇರಿಂಗ್ ಕರಗಿ ಕ್ರ್ಯಾಂಕಿಗೆ ಅಂಟಿಕೊಂಡಿತ್ತು. ಅಲ್ಲಿಗೆ ಎಣ್ಣೆ ಬರಬೇಕಾದ ತೂತಿನಲ್ಲಿ ಬೂದುಬಣ್ಣದ ಗಟ್ಟಿ ಮುದ್ದೆ. ಕೆರೆದು ತೆಗೆದು, ಅಂಗೈಯಲ್ಲಿಟ್ಟುಕೊಂಡು ಅಡುಗೆಮನೆಗೆ ಹೋದೆ. ಅಮ್ಮ ಮುಚ್ಚಿಡಲಿಲ್ಲ.

"ಒಳಗೂ ಹಚ್ಚಿದ್ದೆ ಕಣಪ್ಪ, ನೀವು ಊಟಕ್ಕೆ ಎದ್ದಾಗ. ಹೊರಗ್ ಹಚ್ಚಿದ್ರೆ ಏನ್ ಬಂತು, ಕೆಲ್ಸ ಮಾಡೋದು ಒಳಗಿಂದಲ್ವಾ? ಆಮೇಲೆ ಸ್ವಾಮಿ ಆಡ್ಕೊಂಡು ನಗ್ತಾನೆ ಅಂತ ಸೆರಗಲ್ಲಿ ಒರಸ್ಬುಟ್ಟೆ" ಅಂದಳು. ಒರೆಸಿದ್ದು ಮೇಲಿನದು ಮಾತ್ರ. ತೂತಿನೊಳಗೆ ಇಳಿದದ್ದು ಅಲ್ಲೇ ಉಳಿಯಿತು. ನಾನು ಬೈಯಲಿಲ್ಲ. ಎಂಬತ್ತು ದಾಟಿದವಳು, ನನ್ನ ಅಂಗೈ ನೋಡಿಯೇ ಅರ್ಧ ಆಗಿಹೋಗಿದ್ದಳು.

ಇಲ್ಲಿಗೆ ನಿಲ್ಲಿಸಿಬಿಟ್ಟಿದ್ದರೆ ಈ ಪತ್ರ ಎಷ್ಟು ಸಲೀಸಾಗಿರುತ್ತಿತ್ತು! ಅಮ್ಮನ ವಿಭೂತಿ, ನಿನ್ನ ಕೈಯಲ್ಲ ಎಂದು ಬರೆದರೆ ನಾಳೆಯೇ ನಗುತ್ತ ಬರುತ್ತಿದ್ದೆ. ಆದರೆ ನಾಲ್ಕನೆಯ ರಾಡನ್ನೂ ಬಿಚ್ಚಿದೆ ಸ್ವಾಮಿ. ಅದರ ಒಂದು ನಟ್ಟು ಸ್ಪ್ಯಾನರ್ ಇಲ್ಲದೆ ಬೆರಳಿಗೇ ತಿರುಗಿತು. ಅದರ ಮೇಲೆ ನಾನಿಟ್ಟ ಕೆಂಪು ಚುಕ್ಕೆ ಹಾಗೇ ಇತ್ತು.

ನೀನು ಕೇಳಿದ್ದಕ್ಕೆ ಉತ್ತರ ಇದು: ಎಂಜಿನ್ ನಿಲ್ಲಿಸಿದ್ದು ನಿನ್ನ ಕೈಯಲ್ಲ, ಆದರೆ ಇನ್ನೂ ಸ್ವಲ್ಪ ಹೊತ್ತು ಓಡಿದ್ದರೆ ನಿನ್ನ ಕೈಯೇ ನಿಲ್ಲಿಸುತ್ತಿತ್ತು. ರಾಡು ಕಳಚಿ ಎಂಜಿನ್ನಿನ ಗೋಡೆ ಒಡೆದು ಹೊರಗೆ ಬರುತ್ತಿತ್ತು, ಮತ್ತೆ ಕಟ್ಟಲು ಏನೂ ಉಳಿಯುತ್ತಿರಲಿಲ್ಲ. ಅಂದರೆ ಅಮ್ಮನ ವಿಭೂತಿ ಅದನ್ನು ಕೆಡಿಸಿ ಉಳಿಸಿತು. ಇದನ್ನು ಮಾತ್ರ ಅವಳಿಗೆ ಹೇಳಿಲ್ಲ. ಹೇಳಿದರೆ ಇಡೀ ಜಯಲಕ್ಷ್ಮಿಪುರಂನ ಗಾಡಿಗಳಿಗೆಲ್ಲ ಒಳಗಿನಿಂದ ವಿಭೂತಿ ಹಚ್ಚಿಕೊಂಡು ಬಂದಾಳು.

ಸುಳ್ಳು ಬರೆಯಬಹುದಿತ್ತು, ಎರಡು ಸಲ ಬರೆದು ಹರಿದೂ ಹಾಕಿದೆ. ಚಿಕ್ಕಂದಿನಿಂದ ಜೊತೆಗಿದ್ದವನು ನೀನು. ಮರುಕಕ್ಕೆ ಹೇಳಿದ ಸುಳ್ಳನ್ನು ಒಂದೇ ಸಾಲಿನಲ್ಲಿ ಹಿಡಿದುಬಿಡುತ್ತೀಯ, ಆಮೇಲೆ ನಾನು ಹೇಳುವ ನಿಜವನ್ನೂ ನಂಬುವುದಿಲ್ಲ.

ಕ್ರ್ಯಾಂಕನ್ನು ಮತ್ತೆ ಮಂಡಿ ಮೊಹಲ್ಲಾಕ್ಕೆ ಹೊತ್ತೆ, ಸಾಣೆ ಹಿಡಿಸಿದೆ. ಹೊಸ ಬೇರಿಂಗ್ ಹಾಕಿದೆ. ತೂತುಗಳಿಗೆಲ್ಲ ತಂತಿ ತೂರಿಸಿ ತೊಳೆದೆ. ನೀನು ಬೈದು ಕಲಿಸಿದ್ದು ಕೈಗೆ ನೆನಪಿತ್ತು. ಆದರೆ ಬೈಯುವವರಿಲ್ಲದೆ ಕೆಲಸ ಇಷ್ಟು ಭಾರವೆಂದು ತಿಳಿದಿರಲಿಲ್ಲ. ಒಂದೊಂದು ದಿನ ಸ್ಪ್ಯಾನರ್ ಹಿಡಿದು ಹಾಗೇ ಕೂತಿರುತ್ತಿದ್ದೆ. ಅಮ್ಮ ಬಾಗಿಲಲ್ಲಿ ನಿಂತು, ಒಳಗೆ ಕಾಲಿಡದೆ, ನೋಡಿಕೊಂಡು ಹೋಗುತ್ತಿದ್ದಳು.

ಭಾನುವಾರ ಎಂಜಿನ್ ಓಡಿತು.

ಚೆನ್ನಾಗಿಯೇ ಓಡಿತು. ಟಕಟಕ ಇಲ್ಲ, ಹೊಗೆಯೂ ಅಷ್ಟಿಲ್ಲ. ಮನೆಯಲ್ಲಿ ಯಾರೂ ಇರಲಿಲ್ಲ, ಎಲ್ಲರೂ ಬೆಟ್ಟಕ್ಕೆ ಹೋಗಿದ್ದರು. ನಾನು ಅಭ್ಯಾಸಬಲದಿಂದ ನೀನು ನಿಲ್ಲುತ್ತಿದ್ದ ಪಕ್ಕಕ್ಕೆ ತಿರುಗಿದೆ. ಆಮೇಲೆ ಎಂಜಿನ್ ಆರಿಸಿ ಮೆಟ್ಟಿಲ ಮೇಲೆ ಕೂತೆ. ಸಂತೋಷ ಬರುತ್ತದೆ ಎಂದು ಕಾದೆ ಸ್ವಾಮಿ, ಬರಲಿಲ್ಲ. ಸಂಜೆ ಅಮ್ಮ ಕೇಳಿದಾಗ ಇನ್ನೂ ಆಗಿಲ್ಲ ಎಂದೆ. ಓಡಿತು ಎಂದು ಮೊದಲು ಹೇಳಬೇಕಾದವನು ನೀನು, ನಿನಗಿಂತ ಮುಂಚೆ ಇನ್ನೊಬ್ಬರಿಗೆ ಹೇಳಲು ಬಾಯಿ ಬರಲಿಲ್ಲ.

ನನಗೆ ಕಾರು ಬೇಕಿರಲಿಲ್ಲ ಕಣೋ. ಕಾರು ಬೇಕಿದ್ದರೆ ಕೊಳ್ಳುತ್ತಿದ್ದೆ.

ಬಾ. ಬಂದು ಸ್ಪ್ಯಾನರ್ ಮುಟ್ಟಲೇಬೇಕೆಂದಿಲ್ಲ. ಕುರ್ಚಿ ಹಾಕಿಸುತ್ತೇನೆ, ಕೂತು ಬೈದರೆ ಸಾಕು. ಲೋಟ ನಡುಗುತ್ತದೆ ಎಂದು ನೀನು ನಮ್ಮಲ್ಲಿ ಕಾಫಿ ಬೇಡವೆನ್ನಲು ಶುರು ಮಾಡಿದ್ದು ನಮಗೆಲ್ಲ ಗೊತ್ತು, ಯಾರೂ ಆಡಲಿಲ್ಲ ಅಷ್ಟೇ. ಈಗ ಆಡುತ್ತಿದ್ದೇನೆ. ಕುಡಿ. ಚೆಲ್ಲಿದರೆ ಚೆಲ್ಲಲಿ, ಆ ಪೋರ್ಟಿಕೋದಲ್ಲಿ ನಾನು ಚೆಲ್ಲಿರುವ ಎಣ್ಣೆಯ ಮುಂದೆ ನಿನ್ನ ಕಾಫಿ ಯಾವ ಲೆಕ್ಕ?

ನಿನ್ನ ಕೈಗಳಿಗೆ ನೆಮ್ಮದಿಯ ದಿನಗಳು ಸಿಗಲಿ ಎಂದು ಹಾರೈಸುತ್ತ,

ನಿನ್ನ ದಾರಿ ನೋಡಿ ಸಾಕಾದ,
ಮೃತ್ಯುಂಜಯ